ಒಂದೇ ಕೀಲಿಯ ಮನೆ

ಮಷಿನ್ನಿಗೆ ಬಟ್ಟೆ ತುಂಬಿ ಗುಂಡಿ ಒತ್ತಿದ ಮೇಲೆ ಶಶಿಧರನಿಗೆ ನೆನಪಾಯಿತು: ಕಪಾಟಿನ ಕೀಲಿಕೈ ಪ್ಯಾಂಟಿನ ಜೇಬಿನಲ್ಲೇ ಉಳಿದಿದೆ. ಒಳಗೆ ಅದು ಟಣಟಣ ಎನ್ನುತ್ತ ತಿರುಗುತ್ತಿತ್ತು. ಮಷಿನ್ನಿನ ಬಾಗಿಲು ಇನ್ನೊಂದು ತಾಸು ತೆರೆಯುವುದಿಲ್ಲ.

ಲಂಡನ್ನಿನ ಹೇಸ್‌ನ ಆ ಬಾಡಿಗೆ ಮನೆಯ ಅವಲಕ್ಕಿ, ಬಿಸ್ಕಿಟ್, ಚಹಾಪುಡಿ ಎಲ್ಲ ಆ ಕಪಾಟಿನಲ್ಲೇ. ಯುದ್ಧ, ದಂಗೆಗಳಿಂದ ಸೊರಗಿದ ದೇಶಗಳಿಗೆ ಬಜೆಟ್ ಹೇಗೆ ಹಾಕಬೇಕೆಂದು ಹೇಳಿಕೊಡುವುದು ಶಶಿಧರನ ಕೆಲಸ. ಇಲಾಖೆಗೊಂದು ಖಜಾನೆ ಬೇಡ, ಎಲ್ಲ ಒಂದೇ ಕಡೆ ಇರಲಿ, ಕೀಲಿಯೂ ಒಂದೇ ಇರಲಿ ಎಂಬುದು ಅವನ ಪಾಠ. ಹೆಂಡತಿ ಗುರುದೇವಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಬಿದ್ದು ಮನೆ ನೋಡಿಕೊಳ್ಳುವುದು ತನ್ನ ಪಾಲಿಗೆ ಬಂದಾಗ ಅದನ್ನೇ ಮನೆಗೂ ತಂದಿದ್ದ. ಯಾರಿಗೆ ಏನು ಬೇಕಾದರೂ ವಾರಕ್ಕೊಮ್ಮೆ, ರವಿವಾರವೇ ಅವನನ್ನು ಕೇಳಬೇಕು.

ಇವತ್ತು ಅಂಥ ಒಂದು ದೇಶದ ಅಧಿಕಾರಿಗಳ ಜೊತೆ ಆನ್‌ಲೈನ್ ಮೀಟಿಂಗ್. ಅವರು ಒಪ್ಪಿದರಷ್ಟೇ ಅವನ ನೌಕರಿ ಉಳಿಯುವುದು. ಶಾಲೆಗೆ ರಜೆಯಿದ್ದ ಮಗಳು ವಿಭಾ ಆಗಲೇ ಶೂ ಹಾಕಿಕೊಂಡು, ಖಾಲಿ ಬಟ್ಟಲು ಹಿಡಿದು ಬಾಗಿಲ ಬಳಿ ನಿಂತಿದ್ದಳು. ಪಾಪ, ಹಸಿವು ಎಂದುಕೊಂಡ.

ಅವನ ಪೇಚಾಟ ಕೇಳಿ ಪಕ್ಕದ ಮನೆಯ, ಅವನ ಊರ ಕಡೆಯವಳೇ ಆದ ನೀಲವ್ವ ಬಂದಳು, ಹಿಂದೆ ಸ್ಕ್ರೂಡ್ರೈವರ್ ಹಿಡಿದ ಗಂಡ ಕಲ್ಲಯ್ಯ.

"ಏನೋ ಶಶಿ, ಅವಲಕ್ಕೀಗೂ ಕೀಲಿ ಹಾಕೀಯಲ್ಲ, ಬಂಗಾರದ್ದೇನು ಅದು?"

"ನೀಲಕ್ಕಾ, ಮೀಟಿಂಗ್ ಐತಿ, ಸಪ್ಪಳ ಮಾಡಬ್ಯಾಡ್ರಿ."

"ನೀ ಮಾತಾಡಪಾ, ನಾ ಸುಮ್ಮನ ಬಿಚ್ಚತೀನಿ," ಎಂದ ಕಲ್ಲಯ್ಯ.

"ಕೇಂದ್ರದ ಹಿಡಿತ ಗಟ್ಟಿಯಾಗಿದ್ದರೆ..." ಎಂದು ಶಶಿಧರ ಶುರುಮಾಡುವಷ್ಟರಲ್ಲಿ ಅವನ ಬೆನ್ನ ಹಿಂದೆ ಕಪಾಟಿನ ಬಾಗಿಲು, ಉಂಡು ನಿದ್ದೆ ಬಂದ ಬೀಗರ ಹಾಗೆ, ಕಲ್ಲಯ್ಯನ ಹೆಗಲಿಗೆ ಒರಗಿತು. ಪರದೆಯಲ್ಲಿದ್ದವರು ಕತ್ತು ಚಾಚಿದರು. ಬೆವರುತ್ತ ಅವನು ಮನೆಯ ಒಂದೇ ಕೀಲಿಯ ಏರ್ಪಾಡನ್ನು ಹೇಳಿಬಿಟ್ಟ.

ಕಪಾಟು ತುಂಬಿ ತುಳುಕುತ್ತಿತ್ತು. ಒಂದು ಬಿಸ್ಕಿಟ್ ಪೊಟ್ಟಣವೂ ಒಡೆದಿರಲಿಲ್ಲ. ಅವನೊಬ್ಬನೇ ತಿನ್ನುವ ಅವಲಕ್ಕಿಯ ಡಬ್ಬಿ ಮಾತ್ರ ಅರ್ಧವಾಗಿತ್ತು.

"ಇಷ್ಟು ಉಳಿತಾಯವೇ!" ಹಿರಿಯ ಅಧಿಕಾರಿ ಚಪ್ಪಾಳೆ ತಟ್ಟಿದ. "ನಮಗೂ ಇದೇ ಬೇಕು. ಒಂದು ವರ್ಷ ಇಲ್ಲಿಗೇ ಬಂದು ನಮ್ಮ ಕೀಲಿ ಹಿಡಿಯಿರಿ."

ಪರದೆ ಆರಿತು. ಶಶಿಧರ ಕಪಾಟನ್ನೇ ನೋಡುತ್ತ ನಿಂತ. "ಯಾಕ್ರಿ ಅಕ್ಕಾ, ಯಾರೂ ಏನೂ ಮುಟ್ಟೇ ಇಲ್ಲಲ್ಲ?"

"ಕೂಸು ನಿನ್ನ ಕೇಳೂದ ಬಿಟ್ಟೈತಿ. ದಿನಾ ಬಟ್ಟಲಾ ತಗೊಂಡು ನಮ್ಮಲ್ಲೇ ಬರತೈತಿ. ಗುರುದೇವೀನೂ ಡ್ಯೂಟಿ ಮುಗಿಸಿ ನಮ್ಮಲ್ಲೇ ಚಾ ಕುಡದು ಬರತಾಳ." ನೀಲವ್ವನ ದನಿ ಮೆತ್ತಗಾಯಿತು. "ಪಾಪ, ನೀ ಒಬ್ಬನ ಇಲ್ಲಿ ಕುಂತು ಉಣ್ಣತಿದ್ದಿ."

ಮಷಿನ್ ಪೀಂ ಎಂದು ನಿಂತಿತು. ಒದ್ದೆ ಪ್ಯಾಂಟಿನಿಂದ ಕೀಲಿಕೈ ತೆಗೆದ. ಈಗ ಅದಕ್ಕೆ ಬಾಗಿಲೇ ಇರಲಿಲ್ಲ.

ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ವಿಭಾ ಬಟ್ಟಲನ್ನು ಕೆಳಗಿಟ್ಟು ಅವನ ಅಂಗಿ ಜಗ್ಗಿ, ನೀಲವ್ವನ ಹಾಗೆಯೇ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ನಿನ್ನ ಜೋಡಿ ಆಡೂದಕ್ಕೂ ರವಿವಾರನ ಕೇಳಬೇಕೇನು?"