ಅಳಿಯ ಕುಟ್ಟಿದ ಹಿಂಡಿ

ಒರಳಿನಿಂದ ಸಿಡಿದ ಶೇಂಗಾ ಬೀಜವೊಂದು ಮಹೇಶಕುಮಾರನ ಕನ್ನಡಕಕ್ಕೆ ಬಡಿದು, ಅಲ್ಲಿಂದ ಪುಟಿದು ಚಹಾದಂಗಡಿ ಸಿಕಂದರನ ಕೋಳಿಯ ಮುಂದೆ ಬಿತ್ತು. ಕೋಳಿ ಅದನ್ನು ನುಂಗಿ, ಇನ್ನೊಂದು ಬರಲಿ ಎನ್ನುವಂತೆ ಅಲ್ಲೇ ಕೂತಿತು.

ಅಂದು ಕ್ರಿಸ್‌ಮಸ್. ಆಳಂದದ ಸಹಕಾರಿ ಸಂಘವೊಂದರ ಗುಮಾಸ್ತ ಮಹೇಶಕುಮಾರ ಜನ್ಮದಲ್ಲಿ ಮೊದಲ ಸಲ ಒನಕೆ ಹಿಡಿದಿದ್ದ. ಹೆಂಡತಿ ಜಸ್ಮೀನಳ ತವರು ಜೇವರ್ಗಿ. ಆ ಮನೆಯಲ್ಲೊಂದು ಪದ್ಧತಿ: ಹಬ್ಬಕ್ಕೆ ಚೀಟಿ ಎತ್ತಬೇಕು, ಯಾರ ಹೆಸರು ಬಂತೋ ಅವರಿಗೆ ಕೈಯಾರೆ ಮಾಡಿದ ಉಡುಗೊರೆ ಕೊಡಬೇಕು. ಅಂಗಡಿಯ ಮಾಲು ನಡೆಯದು. ಹೊಸ ಅಳಿಯನಿಗೆ ಬಂದದ್ದು ಅತ್ತೆ ಕರುಣಮ್ಮನ ಹೆಸರು. “ನಮ್ಮವ್ವಗ ಶೇಂಗಾ ಹಿಂಡಿ ಅಂದ್ರ ಜೀವ. ನೀವೇ ಕುಟ್ಟಬೇಕು ನೋಡ್ರಿ” ಎಂದು ಹೇಳಿ ಜಸ್ಮೀನ ಮೊದಲೇ ತವರಿಗೆ ಹೋಗಿದ್ದಳು.

ಹಿಂಡಿ ಎಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ಅದಕ್ಕಿಂತ ದೊಡ್ಡ ಚಿಂತೆ ಅವನ ಜೇಬಿನಲ್ಲಿತ್ತು. ಜೇವರ್ಗಿಗೆ ವರ್ಗ ಮಾಡಿರೆಂದು ಹೆಂಡತಿ ಪಕ್ಕದಲ್ಲಿ ಕೂತು ಬರೆಸಿದ ಅರ್ಜಿ ಅದು. ಲಕೋಟೆ ಅಂಟಿಸಿ, ಅಂಚೆಚೀಟಿ ಹಚ್ಚಿದ್ದರೂ ದಸರೆಯಿಂದ ಅದು ಆ ಜೇಬಿನಿಂದ ಈ ಜೇಬಿಗಷ್ಟೇ ವರ್ಗವಾಗುತ್ತಿತ್ತು. “ನಮ್ಮವ್ವ ಆಳಂದ ಬಿಟ್ಟು ಬರಂಗಿಲ್ಲ ಅಂತಾಳ” ಎಂದು ಹೆಂಡತಿಗೆ ಹೇಳಿದ್ದ. ಅವ್ವ ಶಿವಕಾಂತಾಳಿಗೆ ಅರ್ಜಿಯ ಸುದ್ದಿಯೇ ಗೊತ್ತಿಲ್ಲ. ಅವಳಿಗೆ “ಬೀಗರಿಗಿ ಮನಿಗಿ ಮಂದಿ ಬಂದ್ರ ಸೇರಂಗಿಲ್ಲ” ಎಂದು ಹೇಳಿದ್ದ. ನಿಜ ಏನೆಂದರೆ, ಅವನ ಕಚೇರಿ ಮನೆಯಿಂದ ಕೂಗಳತೆ, ನಡುವೆ ಸಿಕಂದರನ ಚಹಾದಂಗಡಿ. ಅಂಥ ಸುಖವನ್ನು ಯಾವ ಪುಣ್ಯಾತ್ಮ ಬಿಟ್ಟಾನು? ಬೀಗತಿಯರಿಬ್ಬರು ಕೂತು ಮಾತಾಡದಿದ್ದರೆ ಸಾಕಾಗಿತ್ತು.

ಪಕ್ಕದ ಗೌರಾಬಾಯಿ ಗೋಡೆಯ ಮೇಲಿಂದ ಇಣುಕಿದಳು. “ಏನೋ ಮಹೇಶಾ, ಹೆಂಡ್ತಿ ಊರಿಗಿ ಹೋದ ಕೂಡ್ಲೇ ಒನಕಿ ಹಿಡದಿ?”

“ಅತ್ತಿಗಿ ಹಿಂಡಿ ಕುಟ್ಟಾಕತ್ತೇನ್ರಿ, ಕಾಕು.”

ಅವಳು ಬಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. “ಥೂ, ಇದೇನ್ ಹಿಂಡಿನೋ, ಕೂಸಿನ ಔಷಧನೋ? ಖಾರ ಎಲ್ಲದ?” ಎಂದವಳೇ ಮನೆಗೆ ಹೋಗಿ ಹಿಡಿ ತುಂಬ ಖಾರಪುಡಿ ತಂದು ಸುರಿದಳು.

ಅವಳು ಹೋದಳು, ಕೋಳಿ ಹುಡುಕುತ್ತ ಸಿಕಂದರ ಬಂದ. “ಅಳಿಯನ ಇಜ್ಜತ್ ಹಿಂಡ್ಯಾಗೇ ಇರ್ತದ ಭಾಯ್. ನಮ್ಮ ಮಿರ್ಚಿ ಹಾಕು, ಅತ್ತಿ ಜಿಂದಗಿಭರ್ ನೆನಸ್ತಾಳ” ಎಂದು ಅವನೂ ಒಂದು ಪೊಟ್ಟಣ ಬಿಚ್ಚಿದ. ಮಹೇಶಕುಮಾರ ಎರಡನ್ನೂ ಸೇರಿಸಿ ಕುಟ್ಟಿದ.

ಕೋಳಿ ಈ ಸಲ ಒರಳಿಗೇ ಕೊಕ್ಕು ಹಾಕಿತು. ಮರುಗಳಿಗೆಯಲ್ಲಿ ಬೆಂಕಿ ತಗುಲಿದ ಬಾಣದಂತೆ ಹಾರಿ ಮಾಳಿಗೆ ಏರಿತು. ಅದನ್ನು ನೋಡಿದ ಮೇಲೆ ಮಹೇಶಕುಮಾರ ರುಚಿ ನೋಡಲಿಲ್ಲ. ಕಣ್ಣು ಮುಚ್ಚಿ ಡಬ್ಬಿಗೆ ತುಂಬಿ, ಸ್ನಾನಕ್ಕೆ ಹೋದ.

ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ, ಅವ್ವ ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. “ನಡಿ, ನಾನೂ ಬರ್ತೇನಿ.”

“ಅವ್ವಾ, ನಿನಗ ಬಸ್ಸಿನ್ಯಾಗ ವಾಂತಿ ಆಗ್ತದಲ್ಲ?”

“ನಿಂಬಿಹಣ್ಣ ಇಟ್ಕೊಂಡೇನಿ.”

“ಮಣಕಾಲ ಬ್ಯಾನಿ?”

“ಎಣ್ಣಿ ಹಚ್ಚೇನಿ.”

“ಮನಿ ಕಾಯೋರ್ಯಾರು?”

“ಗೌರಾಬಾಯಿಗಿ ಕೀಲಿ ಕೊಟ್ಟೇನಿ. ಬೀಗರಿಗಿ ಸೇರಂಗಿಲ್ಲಂದ್ರ ಬಾಗಲದಾಗ ನಿಂತು ಹಬ್ಬದ ಮಾತ ಹೇಳಿ ಬರ್ತೇನಿ. ನಡೀಲೇ.”

ಒರಳಿನಲ್ಲಿ ತಲೆಯಿಟ್ಟ ಮೇಲೆ ಒನಕೆಗೆ ಅಂಜಿ ಏನು ಮಾಡುವುದು?

ಜೇವರ್ಗಿ ಮುಟ್ಟುವಾಗ ಪ್ರಾರ್ಥನೆ ಮುಗಿದು, ಮನೆಯವರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ಕರುಣಮ್ಮ ಓಡಿಬಂದು ಬೀಗತಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ಶಿವಕಾಂತಾ ಮಗನ ಮುಖವನ್ನೊಮ್ಮೆ ನೋಡಿದಳು. ಮಗ ಸೂರು ನೋಡಿದ.

ಮಾವ ಹೆಣೆದ ಬುಟ್ಟಿ, ಜಸ್ಮೀನ ಕಸೂತಿ ಹಾಕಿದ ದಿಂಬು ಕೈ ಬದಲಾದವು. ಆಮೇಲೆ ಡಬ್ಬಿ ಬಿಚ್ಚಿದರು. ಕರುಣಮ್ಮ ರೊಟ್ಟಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟಳು. ಮಹೇಶಕುಮಾರ ಮನದಲ್ಲೇ ಬಸವಣ್ಣನನ್ನೂ ಏಸುವನ್ನೂ ಒಟ್ಟಿಗೇ ನೆನೆದ.

“ಆಹಾ! ಏನ್ ಹದಾ! ಏನ್ ಕೈನೋ ಅಳಿಯಾ ನಿಂದು!”

ಅವನಿಗೆ ನಂಬಿಕೆ ಬರಲಿಲ್ಲ. ಆದರೂ ಎದೆ ಉಬ್ಬಿತು. “ಏನಿಲ್ಲ ಅತ್ತಿ, ಸುಮ್ನ ಹಂಗ ಕುಟ್ಟಿದೆ.”

“ಹಂಗಾದ್ರ ಇನ್ನೊಂದೀಟು ಕುಟ್ಟು. ಶೇಂಗಾ ಹುರದಿಟ್ಟೇನಿ, ಚರ್ಚಿನ ಮಂದಿಗೂ ಹಂಚೋಣು.”

ಒರಳು ಬಂದೇಬಿಟ್ಟಿತು. ಮೊದಲ ಪೆಟ್ಟಿಗೇ ಶೇಂಗಾ ಹಾರಿ ಮಾವನ ಬೋಳುತಲೆಗೆ ಟಪ್ಪೆಂದು ಬಡಿಯಿತು. ಶಿವಕಾಂತಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಬಿಡ್ರಿ ಬೀಗತಿ. ಆ ಹಿಂಡಿ ನಾ ನಿನ್ನಿನೇ ಕುಟ್ಟಿಟ್ಟಿದ್ದು. ಇವಂದು ತಿಂದ್ರ ಹಬ್ಬದ ದಿನ ದವಾಖಾನಿಗಿ ಹೋಗ್ತಿದ್ರಿ. ಇಂವ ಜಳಕಾ ಮಾಡೂದ್ರಾಗ ಡಬ್ಬಿ ಬದಲ್ ಮಾಡೇನಿ.”

“ಇಂಥಾ ಕೈ ಇಟ್ಕೊಂಡು, ಆಳಂದ ಬಿಟ್ಟು ಬರಂಗಿಲ್ಲ ಅಂತೀರಂತಲ್ರಿ?” ಎಂದಳು ಕರುಣಮ್ಮ.

“ಯಾರಂದ್ರು? ನಿಮಗ ಮಂದಿ ಬಂದ್ರ ಸೇರಂಗಿಲ್ಲಂತಲ್ರಿ!”

“ಅಯ್ಯ, ಯಾರ್ ಹೇಳಿದ್ರು ಹಂಗ?”

ಬೀಗತಿಯರಿಬ್ಬರೂ ಮೆಲ್ಲಗೆ ಅವನ ಕಡೆ ತಿರುಗಿದರು. ಜಸ್ಮೀನ ಎದ್ದು ಬಂದು, ಗಂಡನ ಜೇಬಿಗೆ ಕೈ ಹಾಕಿ ಲಕೋಟೆ ತೆಗೆದಳು. ಅದು ಒಗೆತಕ್ಕೂ ಒಮ್ಮೆ ಹೋಗಿಬಂದಂತಿತ್ತು. ಅತ್ತೆಯ ಪಕ್ಕ ಕೂತು ಎಲ್ಲ ಹೇಳಿದಳು.

“ಅಷ್ಟೇನ?” ಎಂದಳು ಶಿವಕಾಂತಾ. “ಮಗಾ ಸೊಸಿ ಎಲ್ಲೋ, ನನ್ನ ಒಳ್ಳು-ಒನಕಿನೂ ಅಲ್ಲೇ. ಜೇವರ್ಗ್ಯಾಗೇ ಇರೋಣು.”

“ಅವ್ವಾ, ಒಂದ್ ಮಾತ ಕೇಳು...”

“ಮೊದಲ ಉಣ್ಣು, ಆಮ್ಯಾಲ ಮಾತಾಡು. ಕೈಯಾರೆ ಮಾಡಿದ್ದು ದಂಡ ಆಗಬಾರದು.” ಅವಳು ಚೀಲದಿಂದ ಇನ್ನೊಂದು ಡಬ್ಬಿ ತೆಗೆದು, ರೊಟ್ಟಿಗೆ ದಪ್ಪಗೆ ಹಚ್ಚಿ ಕೊಟ್ಟಳು. ನೆಪ ಹುಡುಕಲು ಹೊತ್ತು ಸಿಕ್ಕಿತಲ್ಲ ಎಂದು ಮಹೇಶಕುಮಾರ ದೊಡ್ಡ ತುತ್ತೇ ನುಂಗಿದ. ಆಗ ಅವನಿಗೆ ಕೋಳಿಯ ಸಂಕಟ ತಿಳಿಯಿತು.

ಓಣಿಯ ಮೂಲೆಯಲ್ಲಿ ಕೆಂಪು ಅಂಚೆ ಡಬ್ಬಿ. ಮನೆಮಂದಿಯೆಲ್ಲ ಮೆರವಣಿಗೆಯಂತೆ ಹೊರಟರು. ಜಸ್ಮೀನ ಲಕೋಟೆಯನ್ನು ಡಬ್ಬಿಯ ಬಾಯಿಗಿಟ್ಟು ಕೇಳಿದಳು: “ರೀ, ನಿಮ್ದೇನರ ತಕರಾರ ಇದ್ರ ಈಗ್ಲೇ ಹೇಳ್ರಿ.”

ತಕರಾರುಗಳೆಲ್ಲ ತುದಿನಾಲಿಗೆಯಲ್ಲೇ ಇದ್ದವು. ನಾಲಿಗೆಯೇ ಹತ್ತಿ ಉರಿಯುತ್ತಿತ್ತು. ಬಾಯಿ ತೆರೆದರೆ ಬರೀ ಗಾಳಿ. ಕಣ್ಣಿನಿಂದ ನೀರು ಧಾರಾಕಾರ.

“ನೋಡ್ರಿ ಬೀಗತಿ, ಖುಷಿಗಿ ಅಳಿಯನ ಕಣ್ಣಾಗ ಹೆಂಗ ನೀರ ಬಂದಾವ!” ಎಂದಳು ಕರುಣಮ್ಮ.

“ಹೌದ್ರಿ,” ಎಂದಳು ಶಿವಕಾಂತಾ, ಹಿಂಡಿಯ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ. “ಸಣ್ಣಾಂವ ಇದ್ದಾಗಿಂದ ಇವನ ಮನಸ ಭಾಳ ಮೆತ್ತಗ.”

ದಸರೆಯಿಂದ ಜೇಬು ಜೇಬು ತಿರುಗಿದ ಕಾಗದ ಅಂಚೆ ಡಬ್ಬಿಯ ತಳಕ್ಕೆ ಟಪ್ಪೆಂದು ಬಿತ್ತು.