ಡಬ್ಬಿಯ ಮೇಲಿನ ಹೆಸರು

ಗಂಡ ಮಣಿಕಂಠನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ, ಬೆಳಿಗ್ಗೆ ಆರಕ್ಕೇ ಸಂಯುಕ್ತಾಳ ಮನೆಯ ಇಂಟರ್‌ಕಾಮ್ ಬಡಿದುಕೊಂಡಿತು.

“ಮೇಡಂ, ಮೂರ್ನೇ ನಂಬರ್‌ನೋರು ಎತ್ತಾ ಇಲ್ಲ. ಹಾಲ್ನೋನ್ನ ಒಳಕ್ಕೆ ಬಿಡ್ಲಾ?” ಗೇಟಿನಿಂದ ವಾಚ್‌ಮನ್ ಮುನಿಆಂಜಿನಪ್ಪ.

ಕೋಗಿಲು ಬಡಾವಣೆಯ ಆ ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗಳ ಇಂಟರ್‌ಕಾಮ್ ಫೋನನ್ನು ಕಂಪ್ಯೂಟರಿಗೆ ಜೋಡಿಸಿದವನು ಮಣಿಕಂಠ. ಯಾರೂ ಎತ್ತದ ಕರೆ ತನ್ನ ಮನೆಗೆ ಬರುವಂತೆ ಮಾಡಿಟ್ಟಿದ್ದ. ಒಂಬತ್ತರೊಳಗೆ ಸಂಯುಕ್ತಾ ಹದಿನಾಲ್ಕು ಸಲ ಎದ್ದಳು. ಇದೊಂದು ನಿಂತರೆ ಸಾಕಾಗಿತ್ತು.

ಅದನ್ನು ನಿಲ್ಲಿಸಲು ಕರೆದಾಗ ಸೆಕ್ರೆಟರಿ ವೆಂಕಟಸ್ವಾಮಿ ಬಂದರು. ಅವರ ಹಿಂದೆ, ಕರೆಯದಿದ್ದರೂ, ಪಕ್ಕದ ಮನೆಯ ಪಟಾಲಮ್ಮ. ಮಣಿಕಂಠನ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು.

“ನಿನ್ ಹೆಸ್ರು ಹಾಕಮ್ಮ,” ಎಂದರು ಪಟಾಲಮ್ಮ.

“ಪಾಸ್‌ವರ್ಡಿಗೆ ಹೆಂಡ್ತಿ ಹೆಸ್ರು ಇಡ್ಬೇಡಿ ಅಂತ ಇವ್ರೇ ಪ್ರತಿ ಮೀಟಿಂಗಲ್ಲೂ ಹೇಳ್ತಿದ್ರು.”

“ಹೇಳೋದು ಊರಿಗೆ ಕಣಮ್ಮ.”

ಹಾಕಿದಳು. ತಪ್ಪು. ಮದುವೆಯ ತಾರೀಖೂ ತಪ್ಪು. ಮೂರನೆಯದೂ ತಪ್ಪಿದರೆ ವಾರವಿಡೀ ತೆರೆಯದಂತೆ ಅವನೇ ಬೀಗ ಇಟ್ಟಿದ್ದ. ಕೆಳಗೆ ಅವನದೇ ಸುಳಿವು: ‘ವಾಪಸ್ ಕೊಡಬೇಕು.’

“ನಮ್ ಏಣಿ ಕೊಟ್ಟಾಯ್ತಲ್ಲ,” ಎಂದರು ವೆಂಕಟಸ್ವಾಮಿ.

ಸಂಯುಕ್ತಾಳ ಕಣ್ಣು ಅಡುಗೆಮನೆಯ ಸ್ಟೀಲ್ ಡಬ್ಬಿಯ ಮೇಲೆ ನಿಂತಿತು. ರಂಜಾನ್ ಹಬ್ಬದ ದಿನ ಕೆಳಗಿನ ಮನೆಯ ತಾಹೆರಾರಿಂದ ಸುರಕುಂಬಾ ಪಾಯಸ ತರಲು ಅವನು ಇಸಿದುಕೊಂಡಿದ್ದ ಡಬ್ಬಿ. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಕೊರೆದ ಹೆಸರು, ತಾರೀಖು.

ವೆಂಕಟಸ್ವಾಮಿ ಅದನ್ನೆತ್ತಿ, ಹೆಬ್ಬಾಳದಲ್ಲಿ ಸ್ಟಾಪ್ ಕೂಗುವ ಬಸ್ ಕಂಡಕ್ಟರನಂತೆ ಓದಿದರು. “ತಾಹೆರಾ! ಹತ್ತೊಂಬತ್ತು, ಐದು, ಎರಡು ಸಾವಿರದ ನಾಲ್ಕು!” ಮನೆಯ ಬಾಗಿಲು ತೆರೆದೇ ಇತ್ತು.

ಸಂಯುಕ್ತಾ ಹೆಸರು, ತಾರೀಖು ಎರಡನ್ನೂ ಹಾಕಿದಳು; ಬೀಗ ಬಿಟ್ಟಿತು. ಪಟಾಲಮ್ಮನ ಹುಬ್ಬು ಕೂದಲಿನೊಳಗೆ ಹೋಗಿ ಸೇರಿತು. “ತಾಹೆರಾನಾ?”

“ಹೆಂಡ್ತಿ ಹೆಸ್ರು ಇಡ್ಬಾರ್ದಲ್ಲ,” ಎಂದಳು ಸಂಯುಕ್ತಾ.

ಕರೆಗಳನ್ನೆಲ್ಲ ಸೆಕ್ರೆಟರಿಯ ಮನೆಗೆ ತಿರುಗಿಸಿದಳು. ‘ಪಾಸ್‌ವರ್ಡ್ ಈಗಲೇ ಬದಲಾಯಿಸುವಿರಾ?’ ಎಂದು ಕಂಪ್ಯೂಟರ್ ಕೇಳಿತು. ‘ನಾಳೆ’ ಒತ್ತಿದಳು. ಮಧ್ಯಾಹ್ನವಿಡೀ ಫೋನ್ ಸದ್ದು ಮಾಡಲಿಲ್ಲ. ಬಹಳ ದಿನದ ಮೇಲೆ ನಿದ್ದೆ ಬಂತು.

ಸಂಜೆ, ಖಾಲಿ ಕೊಡಬಾರದೆಂದು ಡಬ್ಬಿಗೆ ಎರಡು ಹಿಡಿ ಸಕ್ಕರೆ ಹಾಕಿಕೊಂಡು ಕೆಳಗಿಳಿದಳು.

ತಾಹೆರಾ ಅವಳ ಕೈ ಹಿಡಿದುಕೊಂಡರು. “ಬೆಳಿಗ್ಗೆ ಸೆಕ್ರೆಟರಿ ಓದಿದ್ದು ಎಲ್ಲಾ ಮನೆಗೂ ಕೇಳಿಸ್ತಮ್ಮ. ಎಲ್ರೂ ಸೇರಿ ಮಾತಾಡ್ಕೊಂಡ್ವಿ. ಒಬ್ಳೇ ಇರ್ತೀಯ, ಯಾರಾದ್ರೂ ಮಾತಿಗೆ ಸಿಗ್ತಾ ಇರ್ಲಿ ಅಂತ ನಮ್ಮನೆಯವ್ರು ಈಗ ತಾನೇ ನಮ್ ಕಂಪ್ಯೂಟರಲ್ಲಿ ಅದೇ ಪಾಸ್‌ವರ್ಡ್ ಹಾಕಿ ಹನ್ನೊಂದು ಮನೆ ಫೋನೂ ನಿಮ್ಮನೆಗೇ ತಿರುಗ್ಸಿದ್ರು.”

ಮೇಲೆ ಫೋನ್ ಬಡಿದುಕೊಳ್ಳತೊಡಗಿತು.

ಸಂಯುಕ್ತಾ ಡಬ್ಬಿಯನ್ನು ಅವರ ಕೈಗಿಟ್ಟಳು. “ಹುಷಾರು, ಸಕ್ಕರೆ ಇದೆ,” ಎಂದಳು.