ಬಸಿಯದ ಹುಳಿ

ನಿಂಬೆರಸವನ್ನು ಬಸಿದು ಚೆಲ್ಲಬೇಕೋ, ಹಾಗೇ ಬಿಡಬೇಕೋ ಎಂಬ ಮಹಾಪ್ರಶ್ನೆಗೆ ತಲೆ ನರೆತ ಇಬ್ಬರು ಗಂಡಸರು ವರ್ಷಗಟ್ಟಲೆ ಕಿತ್ತಾಡಬಹುದೆಂದರೆ ಬೇರೆ ಊರಿನವರು ನಂಬಲಿಕ್ಕಿಲ್ಲ. ಸುವಾ ಪಟ್ಟಣದ ಅಂಚಿನ ನಮ್ಮ ಓಣಿಯಲ್ಲಿ ನಂಬದವರೇ ಇಲ್ಲ. ಇಲ್ಲಿ ರಸ್ತೆಗೆ ಡಾಂಬರು ಬಿದ್ದಿಲ್ಲ, ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಕೊಕೊಂಡ ಮಾಡುವ ಸರಿಯಾದ ರೀತಿ ಯಾವುದು ಎಂಬ ಬಗ್ಗೆ ಮಾತ್ರ ಪ್ರತಿ ಮನೆಗೂ ಖಚಿತ ಅಭಿಪ್ರಾಯವಿದೆ.

ಹಸಿ ಮೀನನ್ನು ತುಂಡು ಮಾಡಿ, ನಿಂಬೆರಸದಲ್ಲಿ ಬೆಳ್ಳಗಾಗುವವರೆಗೆ ನೆನೆಸಿ, ಮೇಲೆ ಈರುಳ್ಳಿ ಉದುರಿಸಿ ಗಟ್ಟಿ ತೆಂಗಿನಹಾಲು ಸುರಿದರೆ ಕೊಕೊಂಡ ಆಯಿತು. ಹಾರ್ಡ್‌ವೇರ್ ಅಂಗಡಿಯ ಗೋದಾಮು ನೋಡಿಕೊಳ್ಳುವ ಕಿತಿಯೋನೆಯ ಪ್ರಕಾರ ಆ ರಸದ ಒಂದು ಹನಿಯನ್ನೂ ಚೆಲ್ಲಬಾರದು. ಮೀನಿನ ಸತ್ವವೆಲ್ಲ ಅದರಲ್ಲೇ ಇರುವುದು, ಅವನಮ್ಮ ಹಾಗೇ ಮಾಡುತ್ತಿದ್ದಳು, ಅವನಪ್ಪ ಅದನ್ನೇ ತಿಂದು ಹಲ್ಲು ಗಟ್ಟಿ ಇರುವಾಗಲೇ ಸತ್ತ. ಬೇಲಿಯಾಚೆಯ ಪೆನಾಯ ಟ್ಯಾಕ್ಸಿ ಓಡಿಸುವವನು; ಓಡಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಮನೆ ಮುಂದೆ ನಿಲ್ಲಿಸಿ ತೊಳೆಯುವವನು. ಅವನ ಪ್ರಕಾರ ರಸ ಬಸಿಯದೆ ತೆಂಗಿನಹಾಲು ಹಾಕುವವನು ಹಂದಿಗೆ ಕಲಗಚ್ಚು ಕಲಸಲು ಮಾತ್ರ ಲಾಯಕ್ಕು.

ಜಗಳ ಇಷ್ಟೇ ಆಗಿದ್ದರೆ ಕಿತಿಯೋನೆ ಎಲ್ಲರೆದುರು ಒಂದು ತುತ್ತು ಬಾಯಿಗಿಟ್ಟು ಚಪ್ಪರಿಸಿ ತೋರಿಸಬಹುದಿತ್ತು. ಅವನ ಗ್ರಹಚಾರ, ಅವನ ಊರಿನವರು ಕಡಲ ಮಂದಿ, ಪೆನಾಯನ ಊರಿನವರು ಅದೇ ಸೀಮೆಯ ಬೆಟ್ಟದ ಮಂದಿ. ಅಜ್ಜಂದಿರ ಕಾಲದಿಂದ ಬಂದ ನಂಟು. ಇವರಿಬ್ಬರೂ ಒಂದೇ ಚಾಪೆಯ ಮೇಲೆ ಉಣ್ಣಲು ಕೂತರೆ ಕಡಲವರು ಮೀನು ಮುಟ್ಟುವಂತಿಲ್ಲ, ಬೆಟ್ಟದವರು ಹಂದಿ ಮುಟ್ಟುವಂತಿಲ್ಲ. ತಮ್ಮದನ್ನು ಎದುರಿನವರಿಗೆ ಬಡಿಸಿ, ಅವರು ಬೆರಳು ನೆಕ್ಕುವುದನ್ನು ನೋಡುತ್ತಾ ಬರೀ ಕೆಸುವಿನ ಗೆಡ್ಡೆ ನುಂಗಬೇಕು. ತಪ್ಪಿದವನ ಮಾನ ಮೂರು ಕಾಸಿಗೆ ಹರಾಜು. ಕಿತಿಯೋನೆಯ ದೊಡ್ಡಪ್ಪನೊಬ್ಬ ಸಾವಿನ ಮನೆಯಲ್ಲಿ ಮೈಮರೆತು ಮೀನಿನ ಬಾಲ ಚೀಪಿದ್ದಕ್ಕೆ ಅವನ ಮೊಮ್ಮಕ್ಕಳನ್ನು ಬೆಟ್ಟದವರು ಇವತ್ತಿಗೂ ‘ಬಾಲ’ ಎಂದೇ ಕರೆಯುತ್ತಾರೆ.

ಹಾಗಾದರೆ ಬಾಗಿಲು ಹಾಕಿಕೊಂಡು ತಿನ್ನಬಹುದಲ್ಲ ಎಂದು ನೀವು ಕೇಳಬಹುದು. ಬಾಗಿಲು ಹಾಕಿಕೊಂಡು ತಿನ್ನುವವನನ್ನು ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಊಟಕ್ಕೆ ಕೂತಾಗ ಬಾಗಿಲು ತೆರೆದಿರಬೇಕು, ಹಾದಿಯಲ್ಲಿ ಹೋಗುವವರನ್ನೆಲ್ಲ ‘ಬನ್ನಿ, ಉಣ್ಣಿ’ ಎಂದು ಕರೆಯಬೇಕು. ಕರೆದರೆ ಮರ್ಯಾದಸ್ಥರು ನಗುತ್ತಾ ಮುಂದೆ ಹೋಗುತ್ತಾರೆ. ಪೆನಾಯ ಒಳಗೆ ಬರುತ್ತಿದ್ದ. ನಿಂಬೆ ಹಿಂಡಿದ ವಾಸನೆ ಬೇಲಿ ದಾಟಿದರೆ ಸಾಕು, ಟ್ಯಾಕ್ಸಿ ತೊಳೆಯುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅವನು ಹಾದಿಯಲ್ಲಿ ಅಡ್ಡಾಡಲು ಶುರುಮಾಡುತ್ತಿದ್ದ. ಚಾಪೆಯ ಮೇಲೆ ಕೂತು ಬಟ್ಟಲು ಖಾಲಿ ಮಾಡಿ, ‘ಬಸೀಬೇಕಿತ್ತು’ ಎಂದು ತೀರ್ಪು ಕೊಟ್ಟು ಎದ್ದು ಹೋಗುತ್ತಿದ್ದ. ಅವನು ಪಕ್ಕದ ಮನೆಗೆ ಬಂದಾಗಿನಿಂದ ಕಿತಿಯೋನೆಯ ಬಾಯಿಗೆ ತಾನು ಮಾಡಿದ ಕೊಕೊಂಡದ ಒಂದು ಚೂರೂ ಬಿದ್ದಿಲ್ಲ. ಪೆನಾಯ ಹಂದಿ ಸುಟ್ಟ ದಿನ ಕಿತಿಯೋನೆಯೂ ಅವನ ಚಾಪೆಯ ಮೇಲೆ ಹೋಗಿ ಕೂರುತ್ತಿದ್ದ, ಆ ಮಾತು ಬೇರೆ. ಪೆನಾಯ ಹಂದಿ ಸುಡುತ್ತಿದ್ದದ್ದು ಕ್ರಿಸ್‌ಮಸ್ಸಿಗೊಮ್ಮೆ.

ಆ ಶನಿವಾರ ಬೆಳಿಗ್ಗೆ ಊರಿನ ದೋಣಿಯಲ್ಲಿ ಕಿತಿಯೋನೆಯ ತಮ್ಮ ತೋಳುದ್ದದ ವಾಲು ಮೀನು ಕಳಿಸಿದ್ದ. ಕಿತಿಯೋನೆ ಅಂಗಳದ ನಲ್ಲಿಯ ಬಳಿ ಕೂತು ಕತ್ತಿ ಹಿಡಿದದ್ದೇ ತಡ, ಸಲಹಾ ಸಮಿತಿ ನೆರೆಯಿತು. ಎದುರುಮನೆಯ ಧರ್ಮವತಿಯಕ್ಕ, ಹಸಿ ಮೀನು ಬೆಕ್ಕಿನ ಊಟ, ಅರಿಶಿನ ಖಾರ ಹಚ್ಚಿ ಕಾದ ಎಣ್ಣೆಗೆ ಬಿಟ್ಟರೆ ಮಾತ್ರ ಅದು ಮನುಷ್ಯರ ಊಟ ಎಂದಳು. ಮೂಲೆಮನೆಯ ಕೆಲೆರಾ ಅಜ್ಜಿ, ತುಂಡು ದೊಡ್ಡದಾಯಿತು, ಇಲ್ಲ ಚಿಕ್ಕದಾಯಿತು, ಅಂತೂ ಸರಿಯಿಲ್ಲ ಎಂದಳು. ಕಿತಿಯೋನೆ ಎಲ್ಲದಕ್ಕೂ ಹೂಂಗುಟ್ಟುತ್ತಾ ನಿಂಬೆ ಹಿಂಡಿದ. ಆಗ ಬೇಲಿಗೆ ಒರಗಿ ನಿಂತಿದ್ದ ಪೆನಾಯ ಗಂಟಲು ಸರಿಮಾಡಿಕೊಂಡ.

“ಭಾವ, ಇವತ್ತೊಂದು ನಿಜ ಹೇಳ್ಬಿಡ್ತೀನಿ. ಇಷ್ಟು ವರ್ಷ ನಿನ್ನ ಕೊಕೊಂಡ ತಿಂದಿದ್ದು ರುಚಿಗಲ್ಲ ಕಣೋ, ಕರುಣೆಗೆ. ನೀನಂತೂ ತಿನ್ನಂಗಿಲ್ಲ. ನಾನೂ ತಿನ್ನದಿದ್ರೆ ಪಾಪ, ಮೀನು ಸತ್ತಿದ್ದಕ್ಕೆ ಅರ್ಥ ಏನು?”

ಸಮಿತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಡಲವರಿಗೂ ಬೆಟ್ಟದವರಿಗೂ ಭಾವ-ಭಾವಂದಿರ ಸಲುಗೆ, ಏನಂದರೂ ಸಿಟ್ಟಾಗುವಂತಿಲ್ಲ. ಕಿತಿಯೋನೆಯೂ ಹಲ್ಲು ಬಿಟ್ಟ. ಒಳಗೆ ಮಾತ್ರ ಕುದಿಯುತ್ತಿತ್ತು. ಈ ಮೀನನ್ನು ಇವತ್ತು ಒಂದು ಚೂರೂ ಬಿಡದೆ ತಾನೇ ತಿನ್ನಬೇಕು, ಅಮ್ಮನ ಕೈರುಚಿ ಇನ್ನೊಮ್ಮೆ ನಾಲಿಗೆಗೆ ತಾಗಬೇಕು, ಇಲ್ಲದಿದ್ದರೆ ತಾನು ಬದುಕಿದ್ದೇ ದಂಡ ಎಂದು ಅವನಿಗೆ ಅನ್ನಿಸಿಬಿಟ್ಟಿತು.

ಮೀನು ನೆನೆಸುವವರೆಗೆ ಗಂಡಸಿನ ಕೆಲಸ, ಒಳಗೊಯ್ದು ತೆಂಗಿನಹಾಲು ಬೆರೆಸುವುದು ಹೆಂಗಸಿನ ಕೆಲಸ ಎಂಬುದು ಆ ಮನೆಯ ಪದ್ಧತಿ. ಆದರೆ ಹೆಂಡತಿ ಲೈಸಾನಿ ಚರ್ಚಿನಲ್ಲಿ ಚಾಪೆ ಹೆಣೆಯಲು ಹೋಗಿದ್ದಳು, ಪೆನಾಯ ಟ್ಯಾಕ್ಸಿಯ ಹಿಂದಿನ ಗಾಜಿಗೆ ಸಾಬೂನು ಹಚ್ಚುತ್ತಿದ್ದ. ಇಂಥ ಮುಹೂರ್ತ ಮತ್ತೆ ಬಾರದೆಂದು ಕಿತಿಯೋನೆ ತಾನೇ ಕಾಯಿ ತುರಿದ, ಬೆರಳನ್ನೂ ಒಂದಿಷ್ಟು ತುರಿದುಕೊಂಡ, ಹಾಲು ಹಿಂಡಿ ಬಟ್ಟಲಿಗೆ ಸುರಿದ. ತಟ್ಟೆ ಮುಚ್ಚಿ, ಟವೆಲಿನಲ್ಲಿ ಗಂಟು ಕಟ್ಟಿ, ಹಿಂದಿನ ಬಾಗಿಲಿನಿಂದ ಕಳ್ಳನ ಹಾಗೆ ಹೊರಬಿದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲಿ ಬಂದು ಕೂತವನು ವೆರೆನಿಕಿ, ಪೆನಾಯನ ಸ್ವಂತ ಅಕ್ಕನ ಮಗ. ಬೆಟ್ಟದ ಆ ಊರಿನಲ್ಲಿ ಇರುವುದು ನಾಲ್ಕು ಮನೆ, ಆದರೂ ಸುವಾದಲ್ಲಿ ಎಲ್ಲಿ ಕಲ್ಲೆಸೆದರೂ ಅಲ್ಲಿಯವನಿಗೇ ತಗಲುತ್ತದೆ. ವೆರೆನಿಕಿ ಎರಡು ಸಲ ಮೂಗೆಳೆದ. ಗಂಟಿನಲ್ಲಿ ಏನು ಎಂದು ಕೇಳಿದ. ಪಾತ್ರೆ ತೊಳೆಯುವ ನಿಂಬೆ ಸಾಬೂನು ಎಂದು ಕಿತಿಯೋನೆ ಹೇಳಿದ. ಅಷ್ಟರಲ್ಲಿ ಬಸ್ಸು ಹಳ್ಳಕ್ಕಿಳಿದು ಈರುಳ್ಳಿ ಚೂರಿನ ಸಮೇತ ಬೆಳ್ಳಗಿನ ಹಾಲು ಅವನ ತೊಡೆಯ ಮೇಲೆ ತೊಟ್ಟಿಕ್ಕಿತು.

“ಮಾವ, ಈ ಸಾಬೂನಿಗೆ ಈರುಳ್ಳೀನೂ ಹಾಕ್ತಾರಾ?” ಎಂದು ವೆರೆನಿಕಿ ಬಹಳ ವಿನಯದಿಂದ ಕೇಳಿದ.

ಕಿತಿಯೋನೆ ತನ್ನದಲ್ಲದ ನಿಲ್ದಾಣದಲ್ಲಿ ಇಳಿದುಬಿಟ್ಟ.

ಕಡಲ ದಂಡೆಯ ಮರದಡಿ ಹೋದರೆ ಅಲ್ಲೊಂದು ತುಂಬು ಸಂಸಾರ ಬಾಳೆಲೆ ಬಿಡಿಸಿ ಉಣ್ಣಲು ಕೂತಿತ್ತು. ‘ಬನ್ನಿ, ಉಣ್ಣಿ’ ಎಂದು ಕರೆದರು. ಕರೆದ ಮೇಲೆ ಯಾವ ಊರು ಎಂದು ಕೇಳಿದರು. ಕಿತಿಯೋನೆ ಊರಿನ ಹೆಸರು ಹೇಳಿದ್ದೇ ಎಲ್ಲರ ಮುಖವೂ ಬಾಡಿತು. ಅವರೂ ಪೆನಾಯನ ಊರಿನವರು, ಎಲೆಯ ಮೇಲೆ ಆಗಷ್ಟೇ ಸುಟ್ಟು ತಂದ ಹಂದಿ. ಕಡಲವನೊಬ್ಬ ಎದುರು ಕೂತರೆ ಅದು ಪೂರ್ತಿ ಅವನ ಪಾಲು. ಬಾಯಿಗೆ ಒಯ್ದಿದ್ದ ತುಂಡನ್ನು ಯಜಮಾನ ಮೆಲ್ಲಗೆ ಕೆಳಗಿಟ್ಟ. ಇವರಿಗೆ ಏನೋ ಅವಸರ ಇರಬೇಕು, ನಿಲ್ಲಿಸಿಕೊಳ್ಳುವುದು ಬೇಡ ಎಂದು ಮುದುಕಿಯೊಬ್ಬಳು ಬಹಳ ಮುತುವರ್ಜಿಯಿಂದ ಹೇಳಿದಳು. ಹೌದು, ಬಹಳ ಅವಸರ ಎಂದು ಕಿತಿಯೋನೆ ಓಡಿದ. ಇಷ್ಟು ಒಮ್ಮತದ ಮಾತುಕತೆ ಅವನ ಜೀವನದಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಕೊನೆಗೆ ಕಾಂಡ್ಲಾ ಗಿಡಗಳ ಕೆಸರಿಗಿಳಿದ. ಒಂದು ಚಪ್ಪಲಿಯನ್ನು ಕೆಸರು ನುಂಗಿತು, ಇನ್ನೊಂದನ್ನು ಸಿಟ್ಟಿನಿಂದ ತಾನೇ ಬಿಸಾಡಿದ. ಒಳಗೆ ಮುರಿದ ದೋಣಿಯೊಂದು ಬಿದ್ದಿತ್ತು. ಬೆಟ್ಟದವನಿರಲಿ, ಬೆಟ್ಟದ ನೊಣವೂ ಅಲ್ಲಿರಲಿಲ್ಲ. ಕಿತಿಯೋನೆ ದೋಣಿಯ ಅಂಚಿನ ಮೇಲೆ ಕೂತು, ಗಂಟು ಬಿಚ್ಚಿ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಅಮ್ಮನನ್ನು ನೆನೆದು ದೊಡ್ಡದೊಂದು ತುಂಡು ಬಾಯಿಗೆ ಹಾಕಿಕೊಂಡ.

ಹಲ್ಲುಗಳೆಲ್ಲ ಒಟ್ಟಿಗೇ ಜುಂ ಎಂದವು. ಕಿವಿಯ ಹಿಂದೆ ಏನೋ ಸೆಳೆಯಿತು, ಕಣ್ಣಲ್ಲಿ ನೀರು ಬಂತು. ಗಾಳಿ ಹೆಚ್ಚಾಗಿರಬೇಕೆಂದು ಇನ್ನೊಂದು ತುಂಡು ತಿಂದ. ಮೊದಲನೆಯದೇ ವಾಸಿಯಾಗಿತ್ತು. ಹಾಲು ಹುಳಿಗೆ ಒಡೆದು ಗಿಣ್ಣಿನಂತೆ ಗಂಟುಗಂಟಾಗಿತ್ತು. ಹೆತ್ತವಳ ಮಾನಕ್ಕಾಗಿ ಮೂರನೆಯದನ್ನು ಬಾಯಿಗಿಟ್ಟ, ಅಗಿದ, ಅತ್ತಿತ್ತ ನೋಡಿ ಉಗಿದುಬಿಟ್ಟ. ಇಡೀ ಓಣಿ ಒಂದಾಗಿ ಬೈದಿದ್ದರೂ ಅವನಿಗೆ ಅಷ್ಟು ದುಃಖವಾಗುತ್ತಿರಲಿಲ್ಲ. ಪೆನಾಯ ಹೇಳಿದ್ದೇ ಸರಿ, ರಸ ಬಸಿಯಲೇಬೇಕಿತ್ತು. ಉಳಿದದ್ದನ್ನು ಕೆಸರಿಗೆ ಸುರಿದು ಬರಿಗಾಲಲ್ಲಿ ಮನೆಯ ದಾರಿ ಹಿಡಿದ.

ಇಳಿಬಿಸಿಲಿನಲ್ಲಿ ಮನೆ ಸೇರಿದಾಗ ಲೈಸಾನಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಖಾಲಿ ಬಟ್ಟಲನ್ನೂ ಗಂಡನ ಹುಳಿಮುಖವನ್ನೂ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

“ಅಯ್ಯೋ ಲೂಕೆ ಅಪ್ಪ, ನಾನು ಬಸಿಯೋಕ್ ಮುಂಚೇನೇ ಎತ್ಕೊಂಡು ಹೋಗಿ ತಿಂದ್ರಾ?”

“ನೀನು ಏನು ಬಸಿಯೋದು?”

ಲೈಸಾನಿ ದನಿ ತಗ್ಗಿಸಿದಳು. “ಇನ್ನೇನು, ರಸ. ಪ್ರತೀ ಸಲಾನೂ ಒಳಗೆ ತಂದು ಬಸಿದು ಚೆಲ್ಲೇ ಹಾಲು ಹಾಕ್ತಿದ್ದೆ. ನಿಮ್ಮಮ್ಮನೇ ಮದುವೆಯಾದ ವಾರ ಹೇಳಿಕೊಟ್ಟಿದ್ದು. ನಿಮ್ಮಪ್ಪಂಗೂ ಹಂಗೇ ಮಾಡಿ ಹಾಕ್ತಿದ್ರಂತೆ. ಗಂಡಸ್ರು ಬಾಯಲ್ಲಿ ಏನ್ ಬೇಕಾದ್ರೂ ಹೇಳ್ಕೊಳ್ಳಿ, ಬಟ್ಟಲು ಇರೋದು ನಮ್ಮ ಕೈಲಲ್ವಾ ಅಂದಿದ್ರು.”

ಕಿತಿಯೋನೆ ಬಟ್ಟಲನ್ನು ಕೆಳಗಿಟ್ಟು ಅಲ್ಲೇ ಕೂತ. ಇಷ್ಟು ವರ್ಷ ಅವನು ಎದೆ ತಟ್ಟಿಕೊಂಡು ಬಸಿಯಬಾರದೆಂದು ವಾದಿಸಿದ್ದ, ಪೆನಾಯ ಬಸಿದದ್ದನ್ನೇ ತಿನ್ನುತ್ತಾ ಬಸಿಯಬೇಕಿತ್ತೆಂದು ವಾದಿಸಿದ್ದ. ಇಬ್ಬರಲ್ಲಿ ಯಾರು ದೊಡ್ಡ ಪೆದ್ದ ಎಂದು ತೀರ್ಮಾನಿಸುವುದಕ್ಕೆ ಅವನಿಗೆ ಸಮಯ ಸಿಗಲಿಲ್ಲ. ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು.

ಅವನಿಲ್ಲದ ಹೊತ್ತಿನಲ್ಲಿ ಓಣಿ ಸುಮ್ಮನೆ ಕೂತಿರಲಿಲ್ಲ. ಕಿತಿಯೋನೆ ಮಾಯವಾಗಿದ್ದಾನೆ, ಬಟ್ಟಲೂ ಮಾಯವಾಗಿದೆ. ಅವನು ಕದ್ದು ತಿನ್ನಲು ಹೋಗಿರಬಹುದೆಂಬ ಹೊಲಸು ಯೋಚನೆ ಯಾರ ತಲೆಗೂ ಬರಲಿಲ್ಲ. ಬೆಳಗಿನ ಮಾತಿಗೆ ಮನನೊಂದು, ಮೀನನ್ನು ಮತ್ತೆ ಕಡಲಿಗೇ ಒಪ್ಪಿಸಲು ಹೋಗಿದ್ದಾನೆಂದು ಧರ್ಮವತಿಯಕ್ಕ ಹೇಳಿದಳು. ಅವನು ಕಣ್ಣೊರೆಸಿಕೊಂಡು ಹೋದದ್ದನ್ನು ತಾನೇ ಕಂಡೆನೆಂದು ಕೆಲೆರಾ ಅಜ್ಜಿ ಸೇರಿಸಿದಳು. ಅಜ್ಜಿಗೆ ಬೇಲಿಯಾಚೆಗಿನದು ಕಾಣುವುದಿಲ್ಲ ಎಂಬುದು ಬೇರೆ ವಿಷಯ. ಪೆನಾಯನ ಹೆಂಡತಿ ಗಂಡನಿಗೆ ಮಧ್ಯಾಹ್ನ ಊಟ ಹಾಕಿರಲಿಲ್ಲ.

ಈಗ ಪೆನಾಯ ಭಾನುವಾರದ ಅಂಗಿ ತೊಟ್ಟು, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಬಳಿ ಚಕ್ಕಳಮಕ್ಕಳ ಹಾಕಿ ಕೂತ. ಹಿಂದೆ ಸಮಿತಿ ಪೂರ್ತಿ ಕೂತಿತು. ಬೇರು ಹಿಡಿದು ಬಂದನೆಂದರೆ ಅದು ವಿಧಿಪೂರ್ವಕ ಕ್ಷಮಾಪಣೆ. ಎದುರಿನವನು ಆ ಕಟ್ಟನ್ನು ಮುಟ್ಟಬೇಕು, ಮುಟ್ಟಿದ ಮೇಲೆ ಮಾತು ಮುಗಿಯಿತು. ಅದನ್ನು ಮತ್ತೆ ಎತ್ತುವಂತಿಲ್ಲ.

“ಪೆನಾಯ, ಅದಲ್ಲ ವಿಷಯ, ನಾನು ಒಂದು ಮಾತು—” ಎಂದು ಕಿತಿಯೋನೆ ಶುರುಮಾಡಿದ. ಕಾಣಿಕೆ ಹಿಡಿದು ಮಾತಾಡುವಾಗ ನಡುವೆ ಬಾಯಿ ಹಾಕುವುದು ಯಾವ ಊರಿನ ಮರ್ಯಾದೆ ಎಂದು ಕೆಲೆರಾ ಅಜ್ಜಿ ಗದರಿದಳು.

ಪೆನಾಯ ತಲೆ ತಗ್ಗಿಸಿಯೇ ಹೇಳಿದ. “ಭಾವ, ಬೆಳಿಗ್ಗೆ ಆಡಿದ್ದು ಸುಳ್ಳು. ನಿನ್ನ ಕೊಕೊಂಡದಂಥದ್ದನ್ನ ನಾನು ಎಲ್ಲೂ ತಿಂದಿಲ್ಲ. ಮೊದಲನೇ ದಿನದಿಂದ್ಲೂ ಗೊತ್ತಿತ್ತು, ನಿಂದೇ ಸರಿ, ರಸ ಬಸೀಬಾರ್ದು ಅಂತ. ಒಪ್ಕೊಂಡ್ರೆ ನಾಳೆಯಿಂದ ಜಗಳ ಆಡೋಕೆ ಏನಿರತ್ತೆ ಅಂತ ಸುಮ್ನಿದ್ದೆ. ಇನ್ಮೇಲೆ ನೀನು ಮೀನು ತಿನ್ನೋವಾಗ ನಾನು ನಿನ್ನ ಚಾಪೆ ತುಳಿಯಲ್ಲ.”

ಬಯಸಿ ಬಯಸಿ ಬೇಸತ್ತಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು, ಇಡೀ ಓಣಿಯ ಸಾಕ್ಷಿಯಲ್ಲಿ. ನಿಜ ಹೇಳಿದರೆ ಕೆಸರಿನಲ್ಲಿ ಅಡಗಿ ಕೂತು ಒಬ್ಬನೇ ತಿಂದವನು ಎನ್ನಿಸಿಕೊಳ್ಳಬೇಕು. ಸತ್ತ ಅಮ್ಮನ ಗುಟ್ಟನ್ನೂ ಬೀದಿಗೆ ಹಾಕಬೇಕು. ಕಿತಿಯೋನೆ ಕೈ ಚಾಚಿ ಕಟ್ಟನ್ನು ಮುಟ್ಟಿದ. ಎಲ್ಲರೂ ಗಂಭೀರವಾಗಿ ಅಂಗೈ ತಟ್ಟಿದರು.

ಪೆನಾಯ ಕಣ್ಣೊರೆಸಿಕೊಂಡು ಹಿಂದೆ ತಿರುಗಿ ಸನ್ನೆ ಮಾಡಿದ. ಅವನ ಹೆಂಡತಿ ಎರಡೂ ಕೈಯಲ್ಲಿ ಬೋಗುಣಿಯೊಂದನ್ನು ಹೊತ್ತು ತಂದಳು. ಮಾರುಕಟ್ಟೆಗೆ ಹೋಗಿ ತಾನೇ ಮೀನು ತಂದು ಮಾಡಿದ್ದೆಂದು ಪೆನಾಯ ಹೇಳಿದ. ಭಾವನ ರೀತಿಯಲ್ಲೇ ಮಾಡಿದ್ದು, ಒಂದು ಹನಿಯನ್ನೂ ಚೆಲ್ಲಿಲ್ಲ. ನಿಂಬೆ ಅಗ್ಗವಾಗಿ ಸಿಕ್ಕಿತೆಂದು ಒಂದು ಹಿಡಿ ಹೆಚ್ಚಾಗಿಯೇ ಹಿಂಡಿದ್ದಾನೆ. ಅಷ್ಟು ಹೇಳಿ ಕೊಟ್ಟ ಮಾತಿನಂತೆ ಎದ್ದು ಬೇಲಿಯಾಚೆ ಹೋಗಿ, ಈ ಕಡೆ ಬೆನ್ನು ಹಾಕಿ ಕೂತ. ಸಮಿತಿಯವರು ಮಾತ್ರ ಎದ್ದು ಹೋಗಲಿಲ್ಲ. ಇಷ್ಟು ವರ್ಷದ ಮೇಲೆ ಕಿತಿಯೋನೆ ತನ್ನ ಮೀನು ತಾನು ತಿನ್ನುವುದನ್ನು ಕಣ್ತುಂಬ ನೋಡಲು ಸಾಲಾಗಿ ಕೂತರು.

ಲೈಸಾನಿ ತಟ್ಟೆ ತುಂಬ ಬಡಿಸಿದಳು. ಅವಳ ತುಟಿಯಂಚು ಅದುರುತ್ತಿತ್ತು. ಕಿತಿಯೋನೆ ಒಂದು ತುಂಡು ಬಾಯಿಗಿಟ್ಟು, ಎರಡೂ ಕೈಯಿಂದ ಚಾಪೆಯನ್ನು ಹಿಡಿದುಕೊಂಡು ನುಂಗಿದ. ಕಣ್ಣೀರು ಕೆನ್ನೆಗಿಳಿಯಿತು. ಪಾಪ, ಸಂತೋಷಕ್ಕೆ ಅಳುತ್ತಿದ್ದಾನೆಂದು ಧರ್ಮವತಿಯಕ್ಕ ಮೂಗೊರೆಸಿಕೊಂಡಳು.

“ಹೆಂಗಿದೆ ಭಾವ?” ಬೇಲಿಯಾಚೆಯಿಂದ ಪೆನಾಯ ಕೇಳಿದ.

“ನಮ್ಮಮ್ಮ ಮಾಡ್ದಂಗೇ ಇದೆ” ಎಂದ ಕಿತಿಯೋನೆ.

“ಹಂಗಾದ್ರೆ ಇನ್ಮೇಲೆ ಪ್ರತಿ ಶನಿವಾರ ನಾನೇ ಮಾಡಿ ಕಳಿಸ್ತೀನಿ. ತಂಗ್ಯವ್ವನ್ನ ಕಷ್ಟಪಡಿಸ್ಬೇಡ, ಅವಳು ಬಟ್ಟಲು ಮುಟ್ಟೋದೇ ಬೇಡ.”

ಲೈಸಾನಿ ಇನ್ನೊಂದು ಸೌಟು ಬಡಿಸಿದಳು.